ಹದಿನಾಲ್ಕು ಸೀಸೆ, ಒಂದೇ ಹಸು

ಬಿಷ್ಕೆಕ್‌ನ ಒಂದು ಪಶು ಸಂಶೋಧನಾ ಸಂಸ್ಥೆಯಲ್ಲಿ ನಾನು ಜೀಪು ಓಡಿಸುತ್ತೇನೆ. ಆ ಬೇಸಿಗೆಯಲ್ಲಿ ನನ್ನ ಕೆಲಸ ಸಗಣಿ ಸಾಗಿಸುವುದು. ಪ್ರತಿ ಗುರುವಾರ ಘಾಟಿ ದಾಟಿ ಸುಸಾಮಿರ್ ಬಯಲಿಗೆ ಹೋಗಿ, ಹದಿನಾಲ್ಕು ಸೀಸೆಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಸಂಜೆಯೊಳಗೆ ವಾಪಸು ಬರಬೇಕು.

ಸಗಣಿ ಬೇಕಾಗಿದ್ದದ್ದು ಬೇಗಿಮಾಯ್‌ಗೆ. ಇಪ್ಪತ್ತೇಳರ ಹುಡುಗಿ. ಎರಡು ಸಲ ಅರ್ಜಿ ಹಾಕಿ ಸೋತು, ಮೂರನೇ ಸಲಕ್ಕೆ ಫೆಲೋಶಿಪ್ ಗಿಟ್ಟಿಸಿಕೊಂಡಿದ್ದಳು. ಚಳಿಗಾಲವಿಡೀ ಒಣಹುಲ್ಲು ತಿಂದ ಹಸು ಬೇಸಿಗೆಯಲ್ಲಿ ಬೆಟ್ಟ ಹತ್ತಿ ಹಸಿಹುಲ್ಲಿಗೆ ಬಾಯಿ ಹಾಕಿದಾಗ ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹೇಗೆ ಬದಲಾಗುತ್ತವೆ, ಹಾಲಿಗೂ ಅದಕ್ಕೂ ಏನು ನಂಟು ಎಂಬುದು ಅವಳ ಅಧ್ಯಯನ. ಹಸುಗಳು ಕಲ್ಮುರ್ಜಾ ಎಂಬ ಮುದುಕನವು; ಒಟ್ಟು ಹದಿನಾಲ್ಕು, ಒಂದೊಂದಕ್ಕೆ ಒಂದೊಂದು ಸೀಸೆ. ಅವನೂ ಹೆಂಡತಿ ಬುರುಲ್ಚಾಳೂ ಒಂದು ಒಳಕಣಿವೆಯಲ್ಲಿ ಗುಡಾರ ಹಾಕಿಕೊಂಡಿದ್ದರು.

ಜೂನ್‌ನಲ್ಲಿ ಬೇಗಿಮಾಯ್ ತಾನೇ ಬಂದು, ಸೀಸೆ ತುಂಬುವುದು ಹೇಗೆ, ಹಸುವಿನ ನಂಬರು ಬರೆಯುವುದು ಹೇಗೆ ಎಂದು ಮುದುಕನಿಗೆ ಕಲಿಸಿದಳು. ನಮ್ಮಲ್ಲಿ ಹಿರಿಯರನ್ನು ಕರೆಯುವಂತೆ ಅವನನ್ನು ಅಬಾ, ಬುರುಲ್ಚಾಳನ್ನು ಅಪಾ ಎನ್ನುತ್ತಿದ್ದಳು.

"ಅಬಾ, ಒಂದು ವಾರ ತಪ್ಪಿದ್ರೂ ನನ್ನ ಕಥೆ ಮುಗೀತು. ಫೆಲೋಶಿಪ್‌ನವ್ರು ಎಲ್ಲಾ ನಿಲ್ಲಿಸಿಬಿಡ್ತಾರೆ" ಎಂದಳು.

"ತಪ್ಪಲ್ಲ ಮಗಳೇ. ನಾನು ಸತ್ರೂ ನನ್ನ ಹಸು ಸಗಣಿ ಹಾಕುತ್ತಲ್ಲ" ಎಂದ ಕಲ್ಮುರ್ಜಾ.

ಬುರುಲ್ಚಾ ಕೆನೆಯ ಬಟ್ಟಲು ಮುಂದಿಡುತ್ತಾ ನಕ್ಕಳು. "ಏನು ಕಾಲ ಬಂತಪ್ಪ! ಸಗಣಿಗೆ ಐಸ್ ಪೆಟ್ಟಿಗೆ, ನನ್ನ ಕೆನೆಗೆ ಬಿಸಿಲು!"

ಜುಲೈ ಎರಡನೇ ವಾರದಿಂದ ಮುದುಕ ತಾನೇ ಕುದುರೆ ಹತ್ತಿ ಸೇತುವೆಯ ಹತ್ತಿರಕ್ಕೆ ಸೀಸೆ ತಂದುಕೊಡತೊಡಗಿದ. "ಮೇಲೆ ದಾರಿ ಕುಸಿದಿದೆ ಮೆಲಿಸ್, ನೀನ್ಯಾಕೆ ಒದ್ದಾಡ್ತೀಯ" ಅಂದ. ಒಂದೂವರೆ ಗಂಟೆಯ ಕಲ್ಲುದಾರಿ ತಪ್ಪಿತಲ್ಲ ಎಂದು ನಾನು ಖುಷಿಪಟ್ಟೆ. ಅವನ ಮುಖ ಇಳಿದದ್ದು ಕಂಡಿತ್ತು. ವಯಸ್ಸಾಯಿತು ಎಂದುಕೊಂಡೆನೇ ಹೊರತು ಕೇಳಲಿಲ್ಲ.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ಬೇಗಿಮಾಯ್ ಪ್ರಯೋಗಾಲಯದಿಂದ ಅಂಗಳಕ್ಕೆ ಬಂದಳು. ಕೈಯಲ್ಲಿ ಕಾಗದವಿತ್ತು. ಮುಖದಲ್ಲಿ ರಕ್ತವಿರಲಿಲ್ಲ.

"ಅಣ್ಣ, ಜೀಪು ತೆಗಿ."

"ಇವತ್ತು ಮಂಗಳವಾರ ಅಲ್ವೇನಮ್ಮ?"

"ಹದಿನಾಲ್ಕು ಸೀಸೆನೂ ಒಂದೇ ಹಸೂದು. ಸೂಕ್ಷ್ಮಜೀವಿಗಳು ಒಂದೇ ಥರ ಬಂದಾಗ ನಂಗೆ ಅನುಮಾನ ಬಂತು. ಸಗಣಿಯಲ್ಲಿ ಹಸುವಿನದೇ ಜೀವಕೋಶ ಇರುತ್ತೆ, ಅದರ ಡಿಎನ್‌ಎನೂ ನೋಡಿಸಿದೆ. ಜುಲೈಯಿಂದ ಒಂದೇ ಹಸು, ಅಣ್ಣ! ಆರು ವಾರ ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ ಮುದುಕ."

ಆ ಸೀಸೆಗಳನ್ನು ಮಗುವಿನ ಹಾಗೆ ಹೊತ್ತು ತಂದವನು ನಾನೇ.

ದಾರಿಯುದ್ದಕ್ಕೂ ಅವಳು ಬೈದಳು. ಸೋಮಾರಿ ಅಂದಳು, ಕಳ್ಳ ಅಂದಳು. ಒಳಕಣಿವೆಯ ದಾರಿ ಎಲ್ಲಿಯೂ ಕುಸಿದಿರಲಿಲ್ಲ.

ಗುಡಾರದ ಮುಂದೆ ಒಂದೇ ಒಂದು ಕೆಂಪು ಹಸು ಕಟ್ಟಿತ್ತು. ಹಾಲಿನ ಕ್ಯಾನುಗಳು ಒಣಗಿ ಬೋರಲು ಬಿದ್ದಿದ್ದವು. ಬುರುಲ್ಚಾ ನಮ್ಮತ್ತ ಬೆನ್ನು ಮಾಡಿ ಉಣ್ಣೆ ಬಿಡಿಸುತ್ತಿದ್ದಳು. ಜೀಪು ಹತ್ತು ಹೆಜ್ಜೆ ದೂರಕ್ಕೆ ಬಂದರೂ ತಿರುಗಲಿಲ್ಲ. ಬೇಗಿಮಾಯ್ ಹೆಗಲು ಮುಟ್ಟಿದಾಗ ಬೆಚ್ಚಿ ಕಿರುಚಿದಳು. ತಲೆವಸ್ತ್ರ ಜಾರಿತು. ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಸುಟ್ಟ ಚರ್ಮ ಕೆಂಪಾಗಿ ಗಂಟುಗಟ್ಟಿತ್ತು.

"ಅಪಾ, ಇದೇನು?"

ಮುದುಕಿ ಉತ್ತರಿಸಲಿಲ್ಲ. ಅವಳಿಗೆ ಕೇಳಿಸಿರಲಿಲ್ಲ.

ಕಲ್ಮುರ್ಜಾ ಗುಡಾರದಿಂದ ಹೊರಬಂದ. ನಮ್ಮನ್ನು ಕಂಡವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬನ್ನಿ" ಎಂದಷ್ಟೇ ಹೇಳಿ ದಿಬ್ಬದ ಆಚೆಗೆ ನಡೆದ.

ಅಲ್ಲಿ ಸೀಳಿಹೋದ ಒಂದು ಸ್ಪ್ರೂಸ್ ಮರ. ಅದರ ಬುಡದಲ್ಲಿ ಉದ್ದಕ್ಕೆ ಕಲ್ಲುಗುಡ್ಡೆ. ಕಲ್ಲುಗಳ ನಡುವೆ ಒಂದು ಕೊಂಬು ಹೊರಗೆ ಚಾಚಿತ್ತು. ವಾಸನೆ ಇನ್ನೂ ಹೋಗಿರಲಿಲ್ಲ.

"ಹದಿಮೂರು" ಎಂದ ಮುದುಕ. "ಮಳೆ ಬಂತು ಅಂತ ಎಲ್ಲಾ ಮರದಡಿ ಸೇರಿದ್ವು. ಬುರುಲ್ಚಾ ಹೊಡ್ಕೊಂಡು ಬರೋಕೆ ಓಡಿದ್ಲು. ಒಂದೇ ಸಿಡಿಲು. ಇವ್ಳು ಅಷ್ಟು ದೂರ ಬಿದ್ಲು. ಕೆಂಪಿ ಹಿಂದೆ ಉಳಿದಿತ್ತು, ಬದುಕಿಕೊಳ್ತು."

ಬೇಗಿಮಾಯ್ ಕಲ್ಲುಗುಡ್ಡೆಯ ಪಕ್ಕದ ಹುಲ್ಲಿನ ಮೇಲೆ ಕುಳಿತಳು. ಕೈಯಲ್ಲಿದ್ದ ಕಾಗದ ಗಾಳಿಗೆ ಹಾರಿತು, ಯಾರೂ ಹಿಡಿಯಲಿಲ್ಲ.

"ಯಾಕೆ ಹೇಳ್ಲಿಲ್ಲ ಅಬಾ?"

"ನೀನೇ ಅಂದೆಯಲ್ಲ ತಾಯಿ, ಒಂದು ವಾರ ತಪ್ಪಿದ್ರೆ ಎಲ್ಲಾ ಮುಗೀತು ಅಂತ. ನಮ್ಮದಂತೂ ಹೋಯ್ತು, ಆ ಹುಡುಗೀದೂ ಯಾಕೆ ಹೋಗ್ಬೇಕು ಅಂದ್ಲು ಇವ್ಳು. ಕೆಂಪಿ ಹಿಂದೆ ಬೆಳಿಗ್ಗೆಯಿಂದ ಸಂಜೆತನಕ ಅಲೆದು ಹದಿನಾಲ್ಕೂ ತುಂಬಿಸ್ತಿದ್ದೆ. ಸಗಣಿ ಸಗಣೀನೇ ಅಲ್ವಾ? ಗೊತ್ತಾಗುತ್ತೆ ಅಂತ ನಂಗೇನು ಗೊತ್ತು?"

"ಅಪಾನ್ನ ಆಸ್ಪತ್ರೆಗೆ?"

ಅವನು ತಲೆ ತಗ್ಗಿಸಿದ. "ಕೆಳಗೆ ಹೋದ್ರೆ ಸುದ್ದಿ ನಿಮ್ಮವ್ರ ತನಕ ಮುಟ್ಟುತ್ತೆ, ನಿನ್ನ ಸೀಸೆ ಮುಗೀಲಿ ಅಂತ ಹಟ ಹಿಡಿದ್ಲು. ನಾನೂ ಅವ್ಳ ಮಾತು ಕೇಳಿದೆ. ಕೇಳಬಾರದಿತ್ತು."

ಬೇಗಿಮಾಯ್ ಅಳಲಿಲ್ಲ. ಎರಡು ಕೈಯಿಂದಲೂ ಹುಲ್ಲನ್ನು ಬಿಗಿಹಿಡಿದು ಆ ಕೊಂಬನ್ನೇ ನೋಡುತ್ತಿದ್ದಳು. ದಾರಿಯಲ್ಲಿ ತಾನು ಆಡಿದ ಮಾತುಗಳು ಅವಳ ಕಿವಿಯಲ್ಲಿ ಮೊಳಗುತ್ತಿದ್ದಿರಬೇಕು. ನನ್ನ ಕಿವಿಯಲ್ಲಂತೂ ಮೊಳಗುತ್ತಿದ್ದವು. ಸುತ್ತಲಿನ ಕಣಿವೆಯವರಿಗೆಲ್ಲ ಸಿಡಿಲಿನ ಸುದ್ದಿ ಗೊತ್ತಿತ್ತಂತೆ. ವಾರಕ್ಕೊಮ್ಮೆ ಸೇತುವೆಯ ತನಕ ಬಂದು ಓಡಿಹೋಗುವ ನನಗೆ ಯಾರು ಹೇಳಬೇಕು?

ಕೊನೆಗೆ ಅವಳು ಎದ್ದು ಮುದುಕನ ಕೈಯಿಂದ ಟೋಪಿ ತೆಗೆದುಕೊಂಡು ಅವನ ತಲೆಯ ಮೇಲಿಟ್ಟಳು. "ನನ್ನ ಕೆಲಸ ಇದಕ್ಕಿಂತ ದೊಡ್ಡದಲ್ಲ ಅಬಾ. ಹೊರಡಿ, ಅಪಾನ್ನ ಕರ್ಕೊಂಡು ಹೋಗೋಣ."

ಬುರುಲ್ಚಾಳನ್ನು ಅದೇ ರಾತ್ರಿ ಬಿಷ್ಕೆಕ್‌ಗೆ ಕರೆತಂದೆವು. ಎಡಗಿವಿ ಹೋಗಿದೆ, ಬಲಗಿವಿ ಅರ್ಧ ಉಳಿಯಬಹುದು, ಮೊದಲೇ ಬಂದಿದ್ದರೆ ಹೆಚ್ಚು ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಆ ಮಾತು ಕೇಳಿದಾಗ ಬೇಗಿಮಾಯ್ ಗೋಡೆಗೆ ತಿರುಗಿ ನಿಂತಳು.

ಮರುದಿನವೇ ಫೆಲೋಶಿಪ್ ಸಮಿತಿಗೆ ನಡೆದದ್ದನ್ನೆಲ್ಲ ಬರೆದಳು. ಮೇಲಿನವರೊಬ್ಬರು, "ಜೂನ್‌ದೇ ಸಾಕು, ಉಳಿದದ್ದನ್ನ ಯಾರು ಕೇಳ್ತಾರೆ?" ಅಂದರಂತೆ. ಅವಳು ಒಪ್ಪಲಿಲ್ಲ. ಜುಲೈ, ಆಗಸ್ಟ್ ತಿಂಗಳ ಲೆಕ್ಕ ಕಸದ ಬುಟ್ಟಿಗೆ ಹೋಯಿತು. ಫೆಲೋಶಿಪ್ ಚಳಿಗಾಲ ಮುಗಿಯುವ ತನಕ ನಿಂತೇಹೋಯಿತು. ಅಷ್ಟು ತಿಂಗಳು ಅವಳು ಒಂದು ಶಾಲೆಯಲ್ಲಿ ಪಾಠ ಹೇಳಿದಳು.

ಕಲ್ಮುರ್ಜಾನ ನೆಂಟರು, ನೆರೆಯ ಗುಡಾರದವರು, ಮನೆಗೊಂದು ಕಡಸಿನಂತೆ ಕೊಟ್ಟರು. ನಮ್ಮಲ್ಲಿ ಅದು ವಾಡಿಕೆ. ಒಂಬತ್ತಾದವು.

ವಸಂತದಲ್ಲಿ ಸಮಿತಿ ಮತ್ತೊಂದು ಅವಕಾಶ ಕೊಟ್ಟಿತು, ಬೇರೆ ಹಿಂಡಿನ ಮೇಲೆ. ಈ ಸಲ ಬೇಗಿಮಾಯ್ ಬೇಸಿಗೆಯಿಡೀ ಬೆಟ್ಟದಲ್ಲೇ ಉಳಿದಳು. ಹಸು ಬೇರೆಯವರದಾದರೂ ಅವಳು ಮಲಗುತ್ತಿದ್ದದ್ದು ಬುರುಲ್ಚಾಳ ಗುಡಾರದಲ್ಲಿ. ನಾನು ಹೋದಾಗ ಮುದುಕಿ ಕಣಿವೆಗೆಲ್ಲ ಕೇಳುವಂತೆ ಕೂಗಿ ಅವಳಿಗೆ ಹಾಲು ಕರೆಯುವುದನ್ನು ಕಲಿಸುತ್ತಿದ್ದಳು.

"ಇಷ್ಟು ಓದಿದೀಯ, ಮೊಲೆ ಹಿಡಿಯೋಕೆ ಬರಲ್ವಲ್ಲೇ!"

ಬೇಗಿಮಾಯ್ ಅವಳ ಬಲಗಡೆಗೆ ಸರಿದು, ಗಟ್ಟಿಯಾಗಿ, "ಇನ್ನೊಂದ್ಸಲ ತೋರ್ಸು ಅಪಾ" ಎಂದಳು.