ಮೈನಸ್ ಒಂಬತ್ತು ಸಾವಿರ

ಗಣಿತ ವಿಭಾಗದಲ್ಲಿ ಅವಳಿಗೆ ಬಿಡಿಸಕ್ಕ ಎಂದೇ ಹೆಸರು. ಯಾರು ಏನಂದರೂ "ಸ್ವಲ್ಪ ಬಿಡಿಸಿ ಹೇಳಿ" ಅನ್ನುವ ಚಾಳಿ ಅವಳದು. ನೌಕರಿ ಮಾತ್ರ ವರ್ಷವರ್ಷವೂ ಸಹಿ ಬಿದ್ದರಷ್ಟೇ ಮುಂದುವರಿಯುವಂಥದ್ದು. ಪ್ರಮೇಯದ ಸಾಧನೆಯನ್ನು ಕಂಪ್ಯೂಟರಿಗೆ ಉಣಿಸಬೇಕು, ಅದು ಪರಿಶೀಲಿಸಿ 'ಸರಿ' ಅನ್ನಬೇಕು. ಹೊಸ ಸಾಲು ಹೆಚ್ಚಿದಷ್ಟೂ ಅಂಕ. ಅಂಕ ಸಾಲದವರು ಮನೆಗೆ.

ಆ ವರ್ಷ ಅವಳು ಹೊಸದೇನೂ ಉಣಿಸಲಿಲ್ಲ. ಕಂಪ್ಯೂಟರು ಎಂದೋ ಒಪ್ಪಿದ್ದ, ಯಾರ ತಲೆಗೂ ಹತ್ತದ ಹನ್ನೆರಡು ಸಾವಿರ ಸಾಲಿನ ಸಾಧನೆಯೊಂದನ್ನು ಹಿಡಿದು, ಮೊರದಲ್ಲಿ ಕಲ್ಲು ಆರಿಸುವವಳ ಹಾಗೆ ಕೂತಳು. ಬೇಡದ್ದನ್ನೆಲ್ಲ ತೆಗೆದ ಮೇಲೆ ಉಳಿದದ್ದು ಮೂರು ಸಾವಿರ ಸಾಲು. ಜೊತೆಗೆ ಮನುಷ್ಯರು ಓದುವಂಥ ಒಂಬತ್ತು ಪುಟ.

ವರ್ಷದ ಕೊನೆಯ ಸಭೆಯಲ್ಲಿ ವಿಭಾಗದ ಮುಖ್ಯಸ್ಥರು ಪರದೆಯನ್ನು ಅವಳತ್ತ ತಿರುಗಿಸಿದರು.

"ಏನಮ್ಮಾ ಇದು? ಎಲ್ರೂ ಮೇಲಕ್ಕೆ ಹತ್ತಿದ್ರೆ ನೀನು ಪಾತಾಳಕ್ಕೆ ಇಳಿದಿದ್ದೀಯ! ಮೈನಸ್ ಒಂಬತ್ತು ಸಾವಿರ!"

"ತೆಗೆದದ್ದೇ ಕೆಲಸ ಸಾರ್. ಕಳೆ ಕಿತ್ತವಳನ್ನ ಹೊಲದ ಹಸಿರು ಕಡಿಮೆ ಮಾಡಿದ್ಲು ಅಂತ ಬೈತಾರಾ?"

"ಕಳೆ ಕಿತ್ತಿದ್ದಕ್ಕೆ ಕಾಲಮ್ಮೇ ಇಲ್ವಲ್ಲಮ್ಮಾ."

ಮೂಲೆಯಲ್ಲಿ ವಿಭಾಗದ ಹಿರಿಯ ಮೇಷ್ಟ್ರು ಆ ಒಂಬತ್ತು ಪುಟ ಹಿಡಿದು ಕೂತಿದ್ದರು. ಮೂವತ್ತು ವರ್ಷದ ಹಿಂದೆ ಆ ಪ್ರಮೇಯವನ್ನು ಊಹಿಸಿದವರು ಅವರೇ. ಕಂಪ್ಯೂಟರು ಒಪ್ಪಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವರು ಮಾತ್ರ ಸಪ್ಪಗೆ ಮನೆಗೆ ಹೋಗಿದ್ದರು. "ಅವತ್ತು ಸರಿ ಅಂತ ಗೊತ್ತಾಯ್ತು ಕಣಪ್ಪಾ, ಯಾಕೆ ಅಂತ ಗೊತ್ತಾಗಿರ್ಲಿಲ್ಲ," ಎನ್ನುತ್ತ ಈಗ ಎದ್ದು ಹಲಗೆಯ ಮೇಲೆ ಚುಕ್ಕೆಗಳ ಚೌಕ ಬರೆದರು. ಐದು ಪುಟದಷ್ಟನ್ನು ಸರಾಗವಾಗಿ ಹೇಳಿದರು. ಆರನೆಯದರಲ್ಲಿ ಸೀಮೆಸುಣ್ಣ ನಿಂತಿತು.

"ಅಡ್ಡಸಾಲಲ್ಲೇ ಎಣಿಸ್ತಿದ್ದೀರಲ್ಲ ಮೇಷ್ಟ್ರೇ, ಕಂಬಸಾಲಲ್ಲಿ ಎಣಿಸಿ! ಕೊಡಿ ಇಲ್ಲಿ," ಎಂದು ಮುಖ್ಯಸ್ಥರು ಸೀಮೆಸುಣ್ಣ ಕಿತ್ತುಕೊಂಡರು. ಪುಟಗಳನ್ನು ಅವರು ಕಣ್ಣೆತ್ತಿಯೂ ನೋಡಿರಲಿಲ್ಲ. ಆದರೂ ಕೊನೆಯವರೆಗೆ ಬರೆದು ಮುಗಿಸಿದರು. ಆಮೇಲೆ ಬಿಳಿ ಬೆರಳುಗಳನ್ನೇ ನೋಡುತ್ತ ನಿಂತರು.

"ಇಷ್ಟೇನಾ ಇದು?" ಎಂದರು ಮೆಲ್ಲಗೆ.

ಕೂತು, ಅವಳ ನೌಕರಿ ಮುಂದುವರಿಸುವ ಅರ್ಜಿಯಲ್ಲಿ ಅಂಕದ ಜಾಗದಲ್ಲಿ 'ಇಬ್ಬರು ಹಲಗೆಯ ಮೇಲೆ ಸಾಧಿಸಿ ತೋರಿಸಿದರು' ಎಂದು ಬರೆದು, ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು. "ಮೇಲಿನವರು ತಕರಾರು ತೆಗೆದ್ರೆ ಅವರನ್ನೂ ಇಲ್ಲಿಗೇ ಕರ್ಕೊಂಡು ಬರೋಣ."

ಬಿಡಿಸಕ್ಕನಿಗೆ ಆ ಮಾತು ಅರ್ಧವಷ್ಟೇ ಕೇಳಿಸಿತು. ಮೇಷ್ಟ್ರ ಕೈಯಿಂದ ಆರನೆಯ ಪುಟ ಈಸಿಕೊಂಡು, ಅವರು ಎಡವಿದ್ದು ಎಲ್ಲಿ ಎಂದು ಹುಡುಕುತ್ತ ಆಗಲೇ ಪೆನ್ಸಿಲಿನಿಂದ ಗೀಟು ಎಳೆಯತೊಡಗಿದ್ದಳು.