ಕಣ್ಣು ಬಿಳಿ ಮಾಡುವ ಮದ್ದು

“ಏ ಬೇವರ್ಸಿ, ಕಣ್ಣು ನೋಡು ನಿಂದು, ಕೋಳಿ ಅಂಕದ ಹುಂಜದ ಹಾಗೆ! ಗಿರಾಕಿಗಳು ದೋಸೆ ಬಿಟ್ಟು ಎದ್ದು ಹೋಗ್ತಾರೆ. ಎತ್ತು ತಲೆ!”

ಹೀಗೆ ಬೈಯುವ ಪುಂಡರೀಕಾಕ್ಷ ಧಣಿಯ ಹೋಟೆಲು ಡೊಂಬಿವಲಿ ಸ್ಟೇಷನ್ನಿನ ಹತ್ತಿರ. ಬೀದಿಗೆ ಕಾಣುವ ಹಾಗೆ ಗಾಜಿನ ಹಿಂದೆ ದೋಸೆ ಕಾವಲಿ, ಕಾವಲಿಯ ಮುಂದೆ ನಾನು, ಮುಂಡಪ್ಪ. ಹೊಗೆಗೆ ನನ್ನ ಕಣ್ಣು ಕೆಂಪಾದರೆ ಧಣಿಗೆ ಆಗುವುದಿಲ್ಲ. ಮೆಡಿಕಲ್ಲಿನಿಂದ ಡಾಕ್ಟರ ಚೀಟಿಯಿಲ್ಲದೆ ತಂದ ಹನಿಮದ್ದನ್ನು ತಾನೇ ಬಿಡುತ್ತಿದ್ದ. ಮಧ್ಯಾಹ್ನದೊಳಗೆ ಕಣ್ಣು ಬಿಳಿ. ವರ್ಷಗಟ್ಟಲೆ ಹೀಗೇ. ದೇವರಂಥ ಮನುಷ್ಯ ಎಂದು ನಾನೇ ಊರಿಡೀ ಹೇಳಿಕೊಂಡು ತಿರುಗಿದೆ, ಥೂ!

ಆಮೇಲೆ ನೋಟದ ಬದಿಗಳು ಹೋದವು. ಕಾವಲಿಯ ನಡು ಕಾಣುತ್ತದೆ, ಅಂಚು ಇಲ್ಲ. ಮುಂಬ್ರಾದ ರೈಲು ಸುರಂಗದೊಳಗಿಂದ ಹೊರಗೆ ನೋಡಿದ ಹಾಗೆ. ವಿಠ್ಠಲವಾಡಿಯ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಹೆಂಡತಿ ಜಯಲತಾಳ ಮುಖ ಕಂಡರೆ ಅವಳ ಕೈಯ ತಟ್ಟೆ ಕಾಣದು. ಪಕ್ಕದಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಂತಾಗಿ ತಿರುಗುತ್ತೇನೆ, ಯಾರೂ ಇರುವುದಿಲ್ಲ. ಗಂಡಸಾದರೂ ಹೇಳುತ್ತೇನೆ ಮಾರಾಯ್ರೆ, ಹೆದರಿಕೆಯಾಗುತ್ತದೆ.

ಜಯಲತಾ ನನ್ನನ್ನು ಠಾಣೆ ಪೇಟೆಯ ಸರ್ಕಾರಿ ಆಸ್ಪತ್ರೆಗೆ ಎಳೆದೊಯ್ದಳು. ಕಣ್ಣಿನ ಡಾಕ್ಟರಮ್ಮ ಶೀಶೆ ನೋಡಿ ಕೆಂಡವಾದರು.

“ಯೇ ಕಿಸ್ನೇ ದಿಯಾ? ಸ್ಟೆರಾಯ್ಡ್ ಹೈ! ಇಸೀಸೇ ಕಾಚ್‌ಬಿಂದು ಹುವಾ.”

ಈ ಹನಿಯ ಸ್ಟೆರಾಯ್ಡಿನಿಂದಲೇ ಕಾಚ್‌ಬಿಂದು, ಅಂದರೆ ಗ್ಲಾಕೋಮ, ಬಂದು ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆಯಂತೆ. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಹೋದರೆ ಹೋಯಿತು. ಬಲಗಣ್ಣು ಪೂರ್ತಿ ಮುಗಿದಿತ್ತು. ಈ ಹನಿ ನಿಲ್ಲಿಸಿ ಬೇರೆ ಮದ್ದು ಹಾಕಿದರೆ ಎಡಗಣ್ಣಿನಲ್ಲಿ ಉಳಿದಿರುವಷ್ಟು ಉಳಿದೀತು ಎಂದರು.

ಮರುದಿನ ಧಣಿಗೆ ಹೇಳಿದೆ.

“ಆ ಡಾಕ್ಟರಿಗೆ ಎಂತ ಗೊತ್ತುಂಟು? ನಿನ್ನಪ್ಪನೂ ಕುರುಡಾಗಿಯೇ ಸತ್ತದ್ದಲ್ವಾ? ಹಣೆಬರಹ ಮಾರಾಯ. ಹೊರಗೆ ಲೈನ್ ಉಂಟು, ತಲೆ ಎತ್ತು.”

ನನ್ನ ದವಡೆ ಹಿಡಿದು ಶೀಶೆ ಬಗ್ಗಿಸಿದ. ಮೈ ಉರಿದುಹೋಯಿತು. ಕಸಿದುಕೊಂಡೆ.

“ಮೊದ್ಲು ನಿಮ್ಮ ಕಣ್ಣಿಗೆ ಬಿಡುವ, ಧಣಿ.”

“ಕೈ ತೆಗಿಯಾ, ನಾಯಿ!”

“ಒಳ್ಳೆ ಮದ್ದಲ್ವಾ? ಒಂದೇ ಹನಿ.”

ಅಂಗಿಯ ಕಾಲರು ಹಿಡಿದು ಗಾಜಿಗೆ ಒತ್ತಿದೆ. ಆಚೆ ಸಾಲಿನಲ್ಲಿ ನಿಂತವರು ಕೂಗತೊಡಗಿದರು. ಧಣಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

“ಬೇಡ ಮುಂಡಪ್ಪ, ಬೇಡ! ನನ್ನ ಕಣ್ಣು ಹೋಗ್ತದೆ!”

ಕಾವಲಿಯ ಮೇಲಿದ್ದ ದೋಸೆ ಸೀದು ಹೊಗೆ ತುಂಬಿತು. ಯಾರೋ ನನ್ನ ತೋಳು ಹಿಡಿದು ಎಳೆಯುತ್ತಿದ್ದರು, ಯಾರೆಂದು ಕಾಣಲಿಲ್ಲ. ನಾನು ಬೆರಳಿನಿಂದ ಅವನ ರೆಪ್ಪೆ ಬಿಡಿಸಿದೆ.