ಎಂಟು ಗಂಟೆಯವರೆಗಿನ ಪೈಜಾಮ

ಪೆಟ್ಟಿಗೆಯ ಯೋಚನೆ ನನ್ನದಲ್ಲ, ನನ್ನ ಅಕ್ಕ ಸಿಗ್ನೆಯದು. ನವೆಂಬರ್ ಕೊನೆಯಲ್ಲಿ ಫೋನ್ ಮಾಡಿ, ಕ್ರಿಸ್‌ಮಸ್ ಮುನ್ನಾದಿನ ಮಕ್ಕಳು ಬಂದಾಗ ಏನು ಮಾಡುತ್ತೀಯ ಎಂದು ಕೇಳಿದಳು. ಊಟ ಮಾಡುತ್ತೇವೆ ಎಂದೆ. ಆಮೇಲೆ? ಆಮೇಲೆ ಎಂಟು ಗಂಟೆಗೆ ಅವರಮ್ಮನ ಮನೆಗೆ ಬಿಟ್ಟು ಬರುತ್ತೇನೆ ಎಂದೆ.

"ನೀನು ಹೇಳೋದು ಕೇಳಿದ್ರೆ ಹಲ್ಲಿನ ಡಾಕ್ಟರ ಹತ್ರ ಟೈಮ್ ತಗೊಂಡ ಹಾಗಿದೆ ಕಣೋ ಹಾಲ್ವರ್," ಎಂದಳು.

ನನ್ನ ಹೆಂಡತಿ ಕೊರಿನ್ ಮತ್ತು ನಾನು ಬೇರೆಯಾದದ್ದು ಆ ವರ್ಷದ ಬೇಸಿಗೆಯಲ್ಲಿ. ಜಗಳವೇನೂ ಆಗಲಿಲ್ಲ. ವಕೀಲರ ಮೇಜಿನ ಮುಂದೆ ಒಂದೊಂದೇ ವಿಷಯ ಬಂದಂತೆ ನಾನು 'ಇರಲಿ' ಎನ್ನುತ್ತ ಹೋದೆ. ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಗಾಜಿನ ಗುಂಡುಗಳು ಅವಳ ಮನೆಯಲ್ಲಿರಲಿ. ಅವಳ ತಾಯಿ ಮಕ್ಕಳ ಹೆಸರು ಹೆಣೆದುಕೊಟ್ಟ, ಉಡುಗೊರೆ ತುಂಬಲು ತೂಗುಹಾಕುವ ಉದ್ದನೆಯ ಕಾಲುಚೀಲಗಳೂ ಅಲ್ಲಿಯೇ ಇರಲಿ. ಕ್ರಿಸ್‌ಮಸ್ ಬೆಳಗು ಪ್ರತಿ ವರ್ಷವೂ ಅವಳದು, ಮುನ್ನಾದಿನ ಮಧ್ಯಾಹ್ನದಿಂದ ಎಂಟು ಗಂಟೆಯವರೆಗೆ ನನ್ನದು. ಅದೂ ಇರಲಿ. ನಮ್ಮದು ನಾರ್ವೆಯಿಂದ ಬಂದವರ ಮನೆತನ. ನಮ್ಮಲ್ಲಿ ಹಬ್ಬವೆಂದರೆ ಮುನ್ನಾದಿನದ ಸಂಜೆಯೇ. ಉಡುಗೊರೆ ಬಿಚ್ಚುವುದು ಆಗ. ಹಾಲು ಹಾಕಿದ ಅಕ್ಕಿ ಗಂಜಿಯಲ್ಲಿ ಅಡಗಿಸಿಟ್ಟ, ಸಿಕ್ಕವರಿಗೆ ಅದೃಷ್ಟವೆನ್ನುವ ಒಂದೇ ಒಂದು ಬಾದಾಮಿ ಯಾರ ಬಟ್ಟಲಿಗೆ ಬಂತೆಂದು ನೋಡುವುದೂ ಆಗಲೇ. ಆದ್ದರಿಂದ ನನಗೆ ನಷ್ಟವೇನಿಲ್ಲ ಎಂದುಕೊಂಡಿದ್ದೆ.

ಸಿಗ್ನೆ ಬಿಡಲಿಲ್ಲ. "ಎಲ್ಲಾನೂ ಅವಳಿಗೆ ಕೊಟ್ಟು ಕೂತಿದೀಯ. ಮಕ್ಕಳು 'ಇದು ಅಪ್ಪನ ಮನೇದು' ಅನ್ನೋಕೆ ಏನಾದ್ರೂ ಒಂದು ಬೇಡ್ವಾ? ಇಲ್ಲದಿದ್ರೆ ಐದಾರು ವರ್ಷದಲ್ಲಿ ನಿನ್ನ ಮನೆ ಅವರಿಗೆ ಬಸ್ ಸ್ಟ್ಯಾಂಡ್ ಆಗುತ್ತೆ."

ಏನು ಮಾಡಬೇಕೆಂದು ಅವಳೇ ಹೇಳಿದಳು. ಅವಳ ಗಂಡನ ಕಡೆಯವರು ಮುನ್ನಾದಿನ ಸಂಜೆ ಮನೆಮಂದಿಯೆಲ್ಲ ಸೇರಿ ಒಂದು ಪೆಟ್ಟಿಗೆ ತೆರೆಯುತ್ತಾರೆ. ಅದರಲ್ಲಿ ಎಲ್ಲರಿಗೂ ಒಂದೇ ಚಿತ್ರದ ಹೊಸ ಪೈಜಾಮ, ಒಂದೊಂದು ಪುಸ್ತಕ, ಕೋಕೋ ಪುಡಿ, ಪಾಪ್‌ಕಾರ್ನ್ ಪೊಟ್ಟಣ, ಜೊತೆಯಾಗಿ ಆಡಲು ಒಂದು ಆಟ. ದೊಡ್ಡ ಉಡುಗೊರೆ ಇಡುವಂತಿಲ್ಲ. ಆದರೆ ಪ್ರತಿ ವರ್ಷವೂ ಅದೇ ಪೆಟ್ಟಿಗೆಯಾಗಬೇಕು.

ನಾನು ಸರೋವರಗಳ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಥರ್ಮಾಮೀಟರ್ ಇಳಿಬಿಟ್ಟರೆ ತಳದ ನೀರು ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ನಿಂತಿರುತ್ತದೆ. ಮೇಲೆ ಬಿರುಗಾಳಿಯಿರಲಿ, ಬಿಸಿಲಿರಲಿ, ಅದಕ್ಕೆ ತಿಳಿಯುವುದಿಲ್ಲ. ಅದು ಹೆಪ್ಪುಗಟ್ಟುವುದಿಲ್ಲ, ಬೆಚ್ಚಗಾಗುವುದೂ ಇಲ್ಲ. ಆ ತಿಂಗಳುಗಳಲ್ಲಿ ನನ್ನ ಸ್ಥಿತಿ ಹಾಗೇ ಇತ್ತು. ಅಕ್ಕ ಹೇಳಿದ್ದನ್ನು ಕೆಲಸದ ಸೂಚನೆಯಂತೆ ತೆಗೆದುಕೊಂಡು ಮಾಡುತ್ತ ಹೋದೆ. ಪ್ರಯೋಗಾಲಯದವರು ಹಳೆಯ ಮರದ ಪೆಟ್ಟಿಗೆಯೊಂದನ್ನು ಎಸೆಯಲು ಇಟ್ಟಿದ್ದರು, ನೀರಿನ ಬಾಟಲಿಗಳನ್ನು ನಿಲ್ಲಿಸಿ ಒಯ್ಯುತ್ತಿದ್ದದ್ದು. ಒಳಗಿನ ಅಡ್ಡಹಲಗೆಗಳನ್ನು ತೆಗೆದು, ಉಜ್ಜಿ, ಎಣ್ಣೆ ಹಚ್ಚಿದೆ. ಬಾಟಲಿಗಳು ಕೂತ ಉಂಗುರದ ಗುರುತುಗಳು ತಳದಲ್ಲಿ ಉಳಿದವು. ಅಂಗಡಿಯಲ್ಲಿ ಅಗಲ ಕೊಂಬಿನ ಮೂಸ್ ಜಿಂಕೆಗಳ ಚಿತ್ರವಿದ್ದ ಹಸಿರು ಪೈಜಾಮಗಳು ಸಿಕ್ಕವು. ಮೂರು ಕೊಂಡೆ. ನಾಲ್ಕನೆಯದರ ಮೇಲೂ ಕೈಯಿಟ್ಟಿದ್ದೆ, ಕೈ ಹಿಂದೆ ತೆಗೆದೆ.

ಮುನ್ನಾದಿನ ಹಿಮ ಬೀಳುತ್ತಿತ್ತು. ಅಮೆರಿಕದ ಉತ್ತರ ತುದಿಯ ನಮ್ಮ ಡುಲೂತ್‌ನಲ್ಲಿ ಡಿಸೆಂಬರ್ ಎಂದರೆ ನಾಲ್ಕೂವರೆಗೇ ಕತ್ತಲೆ. ಪೆಟ್ಟಿಗೆಯನ್ನು ಹಜಾರದ ನಡುವೆ ಇಟ್ಟೆ. ಐದು ವರ್ಷದ ಎಮೆಟ್ ಅದರೊಳಗೆ ತಲೆಯನ್ನೇ ತೂರಿಸಿದ. ಎಲ್ಲವನ್ನೂ ಎತ್ತಿ ಹೊರಗೆ ಹಾಕಿದ ಮೇಲೆ ತಳದ ಉಂಗುರಗಳನ್ನು ಬೆರಳಿನಿಂದ ಸುತ್ತಿ, "ಇದರಲ್ಲಿ ಕೆರೆ ಇತ್ತಾ?" ಎಂದು ಕೇಳಿದ.

"ಸ್ವಲ್ಪ ಸ್ವಲ್ಪ ಇತ್ತು," ಎಂದೆ.

ಹನ್ನೊಂದು ವರ್ಷದ ಥಿಯಾ ತನ್ನ ಪೈಜಾಮವನ್ನು ಬಿಡಿಸಿ ಮೈಗೆ ಹಿಡಿದು ನೋಡಿದಳು. ಅಳತೆ ಸರಿಯಾಗಿತ್ತು. ಆದರೂ ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಇಷ್ಟವಾಗಲಿಲ್ಲವೇ ಎಂದು ಕೇಳಿದೆ.

"ಚೆನ್ನಾಗಿದೆ," ಎಂದಳು. "ಆದ್ರೆ ಅಪ್ಪ, ಇದು ರಾತ್ರಿ ಹಾಕ್ಕೊಂಡು ಮಲಗೋಕೆ, ಬೆಳಿಗ್ಗೆ ಎದ್ದು ಎಲ್ಲರೂ ಫೋಟೋ ತೆಗೆಸ್ಕೊಳ್ಳೋಕೆ ಅಲ್ವಾ. ನಾವು ಇವತ್ತು ಇಲ್ಲಿ ಮಲಗಲ್ಲ."

ಬಾಟಲಿ ತೊಳೆಯುವ ನೀರಿನ ಶುದ್ಧಿಯನ್ನೂ ಎರಡು ಸಲ ನೋಡುವವನು ನಾನು. ಆದರೂ ಇದು ಹೊಳೆದಿರಲಿಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಸಂಜೆಯೇ ಹಬ್ಬ ಮುಗಿಯುತ್ತಿತ್ತು, ಅಲ್ಲಿ ಪೈಜಾಮ ಇರಲಿಲ್ಲ. ಪೈಜಾಮದ ಪದ್ಧತಿಯವರಿಗೆ ಬೆಳಗೇ ಮುಖ್ಯ. ನಾನು ಅವರ ಬಟ್ಟೆಯನ್ನು ತಂದು ನಮ್ಮ ಸಂಜೆಗೆ ಹಾಕಿದ್ದೆ. ಎಂಟು ಗಂಟೆಗೆ ಬಿಚ್ಚಿಡಬೇಕಾದ ಉಡುಗೊರೆಯನ್ನು ಮಕ್ಕಳಿಗೆ ಕೊಟ್ಟಿದ್ದೆ.

ಬೇಸರವಾಗಬೇಕಿತ್ತು. ಆಗಲಿಲ್ಲ. ತಪ್ಪು ಎಲ್ಲಿ ಆಯಿತೆಂದು ತಿಳಿಯಿತು, ಅಷ್ಟೇ.

"ಎಂಟು ಗಂಟೆಯವರೆಗೆ ಹಾಕ್ಕೊಂಡಿರೋಣ," ಎಂದೆ.

ಎಮೆಟ್ ಆಗಲೇ ಪ್ಯಾಂಟಿನ ಒಂದೇ ಕಾಲಿಗೆ ತನ್ನ ಎರಡೂ ಕಾಲು ತುರುಕಿ ಬಿದ್ದಿದ್ದ. ನಾನೂ ಒಳಗೆ ಹೋಗಿ ಹಾಕಿಕೊಂಡು ಬಂದೆ. ಥಿಯಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಹೊಟ್ಟೆ ಮೇಲಿರೋ ಮೂಸ್ ಬಸುರಿ," ಎಂದಳು. ಆಮೇಲೆ ಅವಳೂ ಹಾಕಿಕೊಂಡಳು. ಗಂಜಿ ತಿಂದೆವು. ಬಾದಾಮಿ ನನ್ನ ಬಟ್ಟಲಿಗೆ ಬಂತು. ಅದನ್ನು ಚಮಚದಲ್ಲಿ ಎಮೆಟ್‌ನ ಬಟ್ಟಲಿಗೆ ದಾಟಿಸುವುದನ್ನು ಥಿಯಾ ನೋಡಿದಳು. ಆಟದ ನಿಯಮಗಳನ್ನು ನಾನು ಓದಿ ಮುಗಿಸುವಷ್ಟರಲ್ಲಿ ಎಮೆಟ್ ಸೋಫಾದ ಮೇಲೆ ನಿದ್ದೆ ಹೋಗಿದ್ದ.

ಹೊರಡುವ ಹೊತ್ತಾಯಿತು. ಥಿಯಾ ಒಳಗೆ ಹೋಗಿ ಜೀನ್ಸ್ ಹಾಕಿಕೊಂಡು ಬಂದಳು. ತಮ್ಮನ ಕಡೆ ತೋರಿಸಿ, "ಇವನದ್ದು ತೆಗೀಬೇಕಾ?" ಎಂದಳು.

ಅವಳು ಕೇಳಿದ್ದೇಕೆಂದು ನನಗೆ ಗೊತ್ತಿತ್ತು. ಎರಡು ಮನೆಗಳ ನಡುವೆ ಓಡಾಡುವ ಮಕ್ಕಳ ಬಟ್ಟೆ ಒಂದು ಕಡೆಗೇ ಜರುಗುತ್ತದೆ. ಶರತ್ಕಾಲದಲ್ಲಿ ನಾನು ತಂದ ಕೈಗವಸು, ಹಿಮದ ಬೂಟು, ಉಣ್ಣೆಯ ಟೋಪಿ ಎಲ್ಲ ಆ ಮನೆ ಸೇರಿದ್ದವು. ಯಾರೂ ಇಟ್ಟುಕೊಳ್ಳಬೇಕೆಂದು ಇಟ್ಟುಕೊಂಡದ್ದಲ್ಲ, ಅಲ್ಲಿ ಉಳಿದವು.

ಮಲಗಿದ್ದವನನ್ನು ಎಬ್ಬಿಸುವುದು ಬೇಡವೆನಿಸಿತು. "ಇರಲಿ," ಎಂದೆ.

"ನೀನು ಎಲ್ಲಾದಕ್ಕೂ ಇರಲಿ ಅಂತೀಯ," ಎಂದಳು ಥಿಯಾ. ಸಿಟ್ಟಿನಿಂದ ಅಂದದ್ದಲ್ಲ. ಹೊರಗೆ ಹಿಮ ಬೀಳುತ್ತಿದೆ ಎಂದು ಹೇಳಿದ ಹಾಗಿತ್ತು.

ಕೋಟು ಹೊದಿಸಿ ಎಮೆಟ್‌ನನ್ನು ಕಾರಿನಲ್ಲಿ ಮಲಗಿಸಿದೆ. ಅವನನ್ನು ಹೆಗಲ ಮೇಲೆ ಹಾಕಿಕೊಂಡು ಕೊರಿನ್‌ಳ ಬಾಗಿಲ ಮುಂದೆ ನಿಂತಾಗಲೇ ನಾನು ಬಟ್ಟೆ ಬದಲಿಸಿಲ್ಲವೆಂದು ಗಮನಕ್ಕೆ ಬಂದದ್ದು. ಕೊರಿನ್ ಬಾಗಿಲು ತೆರೆದು, ನನ್ನ ಬೂಟಿನ ಮೇಲ್ಗಡೆ ಕಾಣುತ್ತಿದ್ದ ಹಸಿರು ಪೈಜಾಮದ ಜಿಂಕೆಗಳನ್ನು ನೋಡಿದಳು. ಆಮೇಲೆ ಎಮೆಟ್‌ನ ಕೋಟಿನ ಕೆಳಗೆ ಇಣುಕುತ್ತಿದ್ದವನ್ನು ನೋಡಿದಳು.

ಒಳಗಿನಿಂದ ದಾಲ್ಚಿನ್ನಿಯ ವಾಸನೆ ಬರುತ್ತಿತ್ತು. ಕಾಲುಚೀಲಗಳು ತೂಗಾಡುತ್ತಿದ್ದವು. ಮೆಟ್ಟಿಲುಗಳ ಮೇಲೆ ಕೆಂಪು ಪಟ್ಟೆಗಳ ಪೈಜಾಮಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಡಿಸಿಟ್ಟಿದ್ದರು. ಪ್ರತಿ ವರ್ಷವೂ ಅವಳ ತಾಯಿಯೇ ತರುತ್ತಾರೆ. ಮರೆತಿದ್ದೆನೋ, ನೆನೆಯದೆ ಬಿಟ್ಟಿದ್ದೆನೋ.

"ಓ, ಇವನಿಗೆ ಬಟ್ಟೆ ಬದಲಾಯಿಸಿ ಮಲಗಿಸ್ತೀನಿ," ಎಂದಳು ಕೊರಿನ್ ಮೆಲ್ಲಗೆ. "ಬೆಳಿಗ್ಗೆ ಫೋಟೋಗೆ ಅಮ್ಮ ಎಲ್ಲಾ ಒಂದೇ ತರಹದ್ದು ತಂದಿದಾರೆ. ಇದನ್ನ ಒಗೆದು ಕಳಿಸ್ತೀನಿ."

'ಇರಲಿ' ಎನ್ನಲು ಬಾಯಿ ತೆರೆದಿದ್ದೆ. ಥಿಯಾ ಬಾಗಿಲೊಳಗೆ ಬೂಟು ಕಳಚುತ್ತ ನಿಂತಿದ್ದಳು. ಬೂಟು ಕಳಚುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಬೇಡ ಕೊರಿನ್," ಎಂದೆ. "ಇವತ್ತು ಇದರಲ್ಲೇ ಮಲಗ್ಲಿ. ಅದು ನಮ್ಮ ಪೆಟ್ಟಿಗೇದು."

"ಯಾವ ಪೆಟ್ಟಿಗೆ?"

"ಥಿಯಾ ಹೇಳ್ತಾಳೆ."

ಕೊರಿನ್ ನನ್ನ ಮುಖವನ್ನೇ ನೋಡಿದಳು. ಬೇಸಿಗೆಯಿಂದ ಈಚೆಗೆ ನಾನು ಅವಳಿಗೆ 'ಬೇಡ' ಎಂದದ್ದು ಇದೇ ಮೊದಲು. "ಸರಿ," ಎಂದು ಮಗುವನ್ನು ಎತ್ತಿಕೊಂಡಳು. ಥಿಯಾ ಒಳಗೆ ಹೋದಳು.

ಮನೆಗೆ ಬಂದು ಪುಸ್ತಕಗಳನ್ನೂ ಆಟವನ್ನೂ ಪೆಟ್ಟಿಗೆಗೆ ಹಾಕಿದೆ. ಥಿಯಾಳ ಪೈಜಾಮ ಎಲ್ಲೂ ಕಾಣಲಿಲ್ಲ. ಚೀಲದಲ್ಲಿ ಒಯ್ದಿರಬೇಕು, ಅದೂ ಆ ಕಡೆಗೆ ಹೋಯಿತು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಫೋನಿಗೆ ಒಂದು ಚಿತ್ರ ಬಂದಿತ್ತು. ಕೊರಿನ್, ಅವಳ ತಂದೆ ತಾಯಿ, ಥಿಯಾ, ಎಲ್ಲರೂ ಕೆಂಪು ಪಟ್ಟೆಗಳಲ್ಲಿ. ನಡುವೆ ಎಮೆಟ್ ಹಸಿರು ಮೂಸ್‌ಗಳಲ್ಲಿ, ಬಾಯಿ ತುಂಬ ಏನನ್ನೋ ತುಂಬಿಕೊಂಡು ಕೂತಿದ್ದ. ಕೆಳಗೆ ಕೊರಿನ್ ಬರೆದಿದ್ದಳು: "ಬಿಚ್ಚೋಕೆ ಬಿಡಲಿಲ್ಲ. ಅಮ್ಮನಿಗೆ ಸ್ವಲ್ಪ ಸಿಟ್ಟು. ಹ್ಯಾಪಿ ಕ್ರಿಸ್‌ಮಸ್."

ಸಂತೋಷವಾಯಿತೇ ಎಂದು ಒಳಗೆ ಹುಡುಕಿದೆ. ಥರ್ಮಾಮೀಟರ್ ಇಳಿಬಿಟ್ಟು ಕಾಯುವ ಹಾಗೆ ಸ್ವಲ್ಪ ಹೊತ್ತು ನಿಂತೆ. ಸರಿಯಾಗಿ ಹೇಳಲಾರೆ. ಕಾಫಿ ಮಾಡಿಕೊಂಡೆ.

ಆಮೇಲೆ ಮಕ್ಕಳ ಕೋಣೆಯ ಪರದೆ ಸರಿಸಲು ಹೋದೆ. ಥಿಯಾಳ ಹಾಸಿಗೆಯಲ್ಲಿ, ಮಲಗಲು ಬರುವವರಿಗೆಂದು ಸಿದ್ಧ ಮಾಡಿದಂತೆ, ಹೊದಿಕೆಯ ಒಂದು ಮೂಲೆಯನ್ನು ಮಡಚಿಡಲಾಗಿತ್ತು. ದಿಂಬಿನ ಕೆಳಗಿನಿಂದ ಒಂದು ಹಸಿರು ತೋಳು ಹೊರಗೆ ಚಾಚಿತ್ತು. ಅದನ್ನು ತೆಗೆಯಲಿಲ್ಲ. ಮಕ್ಕಳು ಮರುದಿನ ರಾತ್ರಿ ಇಲ್ಲಿಗೆ ಮಲಗಲು ಬರುವವರಿದ್ದರು. ಕ್ಯಾಮೆರಾ ಎಲ್ಲಿಟ್ಟಿದ್ದೇನೆ ಎಂದು ಹುಡುಕತೊಡಗಿದೆ.